ಎಣ್ಣೆ ಹಚ್ಚುವವರ ಮುಂದೆ ಬಾಯಿ ಕಟ್ಟುವುದೇಕೆ?

ನಡುಮನೆ, ಕಲಬುರಗಿ
ಸೋಮವಾರ, ರಾತ್ರಿ 9.40

ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುವ ಸಂಗತಿ. ನನಗೆ ನಲವತ್ತೊಂದು. ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕುತ್ತಿಗೆ ಮತ್ತು ಬಲಭುಜ ಹಿಡಿದುಕೊಂಡಿವೆ. ಆಯುರ್ವೇದದ ವೈದ್ಯರು ಏಳು ದಿನ ಅಭ್ಯಂಗ (ಮೈಗೆ ಎಣ್ಣೆ ಹಚ್ಚಿ ತಿಕ್ಕುವುದು) ಮತ್ತು ಗ್ರೀವಾಬಸ್ತಿ (ಕುತ್ತಿಗೆಯ ಮೇಲೆ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುವುದು) ಬರೆದುಕೊಟ್ಟರು. ಏಳೂ ದಿನದ ಹಣ ಮೊದಲೇ ಕಟ್ಟಿದ್ದೇನೆ. ಎರಡು ದಿನ ಮುಗಿದಿವೆ.

ಎಣ್ಣೆ ಹಚ್ಚುವ ಹೆಂಗಸು ಒಳ್ಳೆಯವಳು. ಅವಳು ಒಳ್ಳೆಯವಳಾಗಿರುವುದೇ ನನ್ನ ಕಷ್ಟ. ಕೈಯಲ್ಲಿ ಮಾತ್ರ ಕರಿಭೂಮಿ ಉಳುವ ಬಲವಿದೆ. ಮೊದಲ ದಿನ ಬಲಭುಜದ ಮೇಲೆ ಹೆಬ್ಬೆರಳಿಟ್ಟು ಒತ್ತಿದಾಗ ಕಣ್ಣಲ್ಲಿ ನೀರು ಬಂದಿತು. ‘ಹಿತವಾಗಿದೆಯೇ ಅಕ್ಕಾ?’ ಎಂದು ಕೇಳಿದಳು. ನಾನು ಹಲಗೆಗೆ ಮುಖ ಒತ್ತಿಕೊಂಡು ‘ಹ್ಞೂಂ’ ಎಂದೆ. ಮನೆಗೆ ಬಂದು ಕನ್ನಡಿಯಲ್ಲಿ ನೋಡಿದರೆ ನೇರಳೆ ಹಣ್ಣಿನ ಬಣ್ಣದ ಎರಡು ಕಲೆ.

ಬಟ್ಟೆ ಎಷ್ಟು ತೆಗೆಯಬೇಕು ಎಂದೂ ಯಾರೂ ಹೇಳಲಿಲ್ಲ. ‘ತಯಾರಾಗಿರಿ ಅಕ್ಕಾ’ ಎಂದವಳೇ ಬಾಗಿಲೆಳೆದುಕೊಂಡು ಹೋದಳು. ಯಾವುದಕ್ಕೆ ತಯಾರಾಗಬೇಕು? ಸೀರೆ ಬಿಚ್ಚಿ ಮಡಚಿಟ್ಟು, ಲಂಗ ರವಿಕೆಯಲ್ಲಿ ಐದು ನಿಮಿಷ ಗೋಡೆಯ ಕ್ಯಾಲೆಂಡರ್ ಓದುತ್ತಾ ನಿಂತಿದ್ದೆ. ತಲೆಗೆ ಎಣ್ಣೆ ಬೇಡವೆಂದು ಹೇಳಬೇಕೆಂದಿದ್ದೆ, ಏಕೆಂದರೆ ಅಲ್ಲಿಂದ ನೇರವಾಗಿ ಕಚೇರಿಗೆ ಹೋಗಬೇಕಿತ್ತು. ಮಾತು ಗಂಟಲಿಗೆ ಬರುವಷ್ಟರಲ್ಲಿ ನೆತ್ತಿಯ ಮೇಲೆ ಎಣ್ಣೆ ಬಿದ್ದಾಗಿತ್ತು. ಇದರ ಜೊತೆಗೆ ಕಿಟಕಿಯಲ್ಲಿಟ್ಟ ಅವಳ ಮೊಬೈಲಿನಲ್ಲಿ ಧಾರಾವಾಹಿ ನಡೆಯುತ್ತಿರುತ್ತದೆ. ಅತ್ತೆ ಸೊಸೆಯ ಹಾಲಿಗೆ ಏನೋ ಬೆರೆಸುವ ಹೊತ್ತಿಗೆ ನನ್ನ ಬೆನ್ನಿನ ಮೇಲೆ ಅವಳ ಕೈ ನಿಂತುಬಿಡುತ್ತದೆ.

ಇದೇ ನಾನು ಚಹಾದ ಅಂಗಡಿಯಲ್ಲಿ ‘ಸಕ್ಕರೆ ಕಡಿಮೆ, ಶುಂಠಿ ಹೆಚ್ಚು’ ಎನ್ನುತ್ತೇನೆ. ಸೂಪರ್ ಮಾರ್ಕೆಟ್ಟಿನ ದರ್ಜಿಯಿಂದ ಒಂದು ರವಿಕೆಯ ತೋಳನ್ನು ಮೂರು ಸಲ ಬಿಚ್ಚಿಸಿದ್ದೇನೆ. ಅಲ್ಲಿ ಮಾತ್ರ ಹಲಗೆಯ ಮೇಲೆ ಇನ್ನೊಂದು ಹಲಗೆಯಾಗಿ ಮಲಗುತ್ತೇನೆ. ಅವಳಿಗೆ ಬೇಸರವಾಗದಂತೆ ಹೇಳುವುದು ಹೇಗೆ? ಅಭ್ಯಂಗ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ದಯವಿಟ್ಟು ಬೇಡ.


ಬ್ರಹ್ಮಪುರದ ಮೇಷ್ಟ್ರು
ಸೋಮವಾರ, ರಾತ್ರಿ 10.15

ತಂಗೀ, ನನಗೆ ಎಪ್ಪತ್ತೆರಡು. ಎರಡೂ ಮೊಣಕಾಲು ಸವೆದಿವೆ, ವರ್ಷಕ್ಕೊಮ್ಮೆ ಅವುಗಳ ಮೇಲೆ ಎಣ್ಣೆ ನಿಲ್ಲಿಸುವ ಜಾನುಬಸ್ತಿ ಮಾಡಿಸಿಕೊಳ್ಳುತ್ತೇನೆ. ‘ಜೋರಾಗಿ’, ‘ಮೆಲ್ಲಗೆ’ ಎನ್ನುವ ಮಾತುಗಳಿಗೆ ಅಳತೆಯಿಲ್ಲ ಎಂಬುದು ನಾನು ಕಂಡುಕೊಂಡ ಸತ್ಯ. ಎಣ್ಣೆ ಹಚ್ಚುವ ಹುಡುಗನ ಮೆಲ್ಲಗೆ ನನ್ನ ಪಾಲಿಗೆ ಜೋರು. ಆದ್ದರಿಂದ ಆಣೆಯ ಲೆಕ್ಕ ತಂದೆ. ‘ತಮ್ಮಾ, ಬೆನ್ನಿಗೆ ಹನ್ನೆರಡಾಣೆ, ತೊಡೆಗೆ ಎಂಟಾಣೆ, ಮೊಣಕಾಲಿನ ಚಿಪ್ಪಿನ ಸುತ್ತ ಎರಡಾಣೆ ಮೀರಕೂಡದು’ ಎಂದೆ.

ಹುಡುಗನಿಗೆ ಇಪ್ಪತ್ತೆರಡು ವರ್ಷ. ‘ಆಣೆ ಎಂದರೇನು ಸರ್?’ ಎಂದ. ‘ರೂಪಾಯಿಗೆ ಎಷ್ಟಾಣೆ, ಗೊತ್ತಿಲ್ಲವೇ?’ ಎಂದು ಕೇಳಿದರೆ ‘ದೇವರಾಣೆ ಗೊತ್ತಿಲ್ಲ ಸರ್’ ಎಂದ. ನಕ್ಕು ನಕ್ಕು ಅರ್ಧ ನೋವು ಅಲ್ಲೇ ಹೋಯಿತು. 1957ರಲ್ಲಿ ನಯಾಪೈಸೆ ಬರುವ ತನಕ ರೂಪಾಯಿಗೆ ಹದಿನಾರಾಣೆ, ನಮ್ಮ ನಿಜಾಮರ ಹಾಲಿ ಸಿಕ್ಕಾ ರೂಪಾಯಿಗೂ ಹದಿನಾರೇ ಎಂದು ಒಂದು ಸಣ್ಣ ಪಾಠ ಮಾಡಿದೆ. ಮೇಷ್ಟ್ರುಗಿರಿ ನಿವೃತ್ತಿಯಾದರೂ ಬಿಡುವುದಿಲ್ಲ. ಈಗ ಅವನೇ ಕೈಯಿಟ್ಟ ಕೂಡಲೇ ‘ಎಷ್ಟಾಣೆ ಆಯಿತು ಸರ್?’ ಎಂದು ಕೇಳುತ್ತಾನೆ.


ಸೇಡಂ ರಸ್ತೆ
ಸೋಮವಾರ, ರಾತ್ರಿ 10.32

ಇದಕ್ಕೂ ಒಂದು ಚರ್ಚೆಯೇ? ದುಡ್ಡು ಕೊಟ್ಟಿದ್ದೀರಿ. ಬಾಯಿ ಬಿಟ್ಟು ‘ಮೆಲ್ಲಗೆ ಒತ್ತಮ್ಮ’ ಎಂದರೆ ಮುಗಿಯಿತು.


ನಡುಮನೆ
ಸೋಮವಾರ, ರಾತ್ರಿ 10.41

ಮೇಷ್ಟ್ರೇ, ನಮಸ್ಕಾರ, ಬರೆದಿಟ್ಟುಕೊಂಡೆ. ಸೇಡಂ ರಸ್ತೆಯವರೇ, ಬಾಯಿ ಬಿಡುವುದು ಗೊತ್ತಿದ್ದರೆ ಇಲ್ಲಿ ಬೆರಳು ನೋಯಿಸಿಕೊಂಡು ಇಷ್ಟು ಬರೆಯುತ್ತಿರಲಿಲ್ಲ.


ಎಣ್ಣೆ ಕೈ, ಕಲಬುರಗಿ
ಮಂಗಳವಾರ, ಬೆಳಿಗ್ಗೆ 6.05

ನಾನು ಯಾದಗಿರಿ ಜಿಲ್ಲೆಯವಳು. ಹನ್ನೊಂದು ವರ್ಷದಿಂದ ಇಲ್ಲಿ ಹೆಂಗಸರ ವಿಭಾಗದಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ನೀವು ಹೇಳಿದ ಹೆಂಗಸು ನಾನಲ್ಲ, ನಾನು ಧಾರಾವಾಹಿ ನೋಡುವುದಿಲ್ಲ. ಹಾಡು ಹಾಕುತ್ತೇನೆ, ಅದನ್ನೂ ಕೇಳಿಯೇ ಹಾಕುತ್ತೇನೆ.

ಅಕ್ಕಾ, ನಮ್ಮ ಕಡೆಯಿಂದ ನೋಡಿದರೆ ಹೇಗಿರುತ್ತದೆ ಎಂದು ಹೇಳುತ್ತೇನೆ. ನೀವು ನೋವು ತಡೆದುಕೊಳ್ಳಲು ಭುಜ ಬಿಗಿ ಹಿಡಿಯುತ್ತೀರಿ. ನಮ್ಮ ಕೈಗೆ ಆ ಬಿಗಿ ಸ್ನಾಯುವಿನ ಗಂಟಿನಂತೆಯೇ ಸಿಗುತ್ತದೆ. ಗಂಟು ಸಡಿಲಾಗಲಿ ಎಂದು ಇನ್ನಷ್ಟು ಒತ್ತುತ್ತೇವೆ. ನೀವು ಇನ್ನಷ್ಟು ಬಿಗಿ ಹಿಡಿಯುತ್ತೀರಿ. ಹೀಗೆ ಇಬ್ಬರೂ ಸೇರಿ ಅರ್ಧ ಗಂಟೆ ಕುಸ್ತಿ ಆಡುತ್ತೇವೆ, ಕಡೆಗೆ ‘ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’ ಎಂಬ ಉತ್ತರ. ಅನುಭವ ಬಂದ ಮೇಲೆ ನಾನು ಕಾಲಿನ ಹೆಬ್ಬೆರಳು ನೋಡಲು ಕಲಿತೆ. ಬಾಯಿ ‘ಹ್ಞೂಂ’ ಎನ್ನುತ್ತಿದ್ದರೂ ನೋವಿದ್ದವರ ಹೆಬ್ಬೆರಳು ಮಡಚಿಕೊಂಡಿರುತ್ತದೆ. ಆದರೆ ಭುಜದ ಹತ್ತಿರ ನಿಂತವಳಿಗೆ ಕಾಲು ಕಾಣುವುದಿಲ್ಲವಲ್ಲ.

ಹೇಳುವುದಕ್ಕೆ ಸರಿಯಾದ ಹೊತ್ತೆಂದರೆ ಎಣ್ಣೆ ಕೈಗೆ ತಾಗುವ ಮೊದಲು. ಒಮ್ಮೆ ಶುರುವಾದರೆ ನಮ್ಮ ಎರಡೂ ಕೈ ಜಿಡ್ಡು, ಬಟ್ಟಲಿನ ಎಣ್ಣೆ ಆರುತ್ತಿರುತ್ತದೆ, ಹೊರಗೆ ಮುಂದಿನವರು ಕೂತಿರುತ್ತಾರೆ. ಬಟ್ಟೆ ತೊಟ್ಟುಕೊಂಡು, ಕುರ್ಚಿಯ ಮೇಲೆ ಕೂತು, ಮುಖ ನೋಡಿ ಹೇಳಿದ ಮಾತು ಮನಸ್ಸಿನಲ್ಲಿ ನಿಲ್ಲುತ್ತದೆ. ಬೋರಲು ಮಲಗಿ ಹಲಗೆಗೆ ಹೇಳಿದ್ದು ಎಷ್ಟೋ ಸಲ ನಮಗೆ ಕೇಳಿಸುವುದೇ ಇಲ್ಲ. ಎರಡೂ ಬದಿಯಿಂದ ಇಬ್ಬರು ಸೇರಿ ಹಚ್ಚುವ ಕಡೆ ಇಬ್ಬರಿಗೂ ಹೇಳಿರಿ. ಎಡಬದಿಯವಳಿಗೆ ಹೇಳಿದ್ದು ಬಲಬದಿಯವಳಿಗೆ ಗೊತ್ತಾಗದೆ ಒಂದು ಭುಜ ಹೂವು, ಇನ್ನೊಂದು ಕಲ್ಲು ಆಗುವುದುಂಟು.

ಬಟ್ಟೆಯ ವಿಷಯದಲ್ಲಿ ತಪ್ಪು ನಮ್ಮ ಕಡೆಯವರದ್ದೇ. ‘ಏನೇನು ತೆಗೆಯಬೇಕು, ಮೇಲೆ ಏನು ಹೊದಿಸುತ್ತೀರಿ?’ ಎಂದು ನೇರವಾಗಿ ಕೇಳಿರಿ. ಕುತ್ತಿಗೆ ಮತ್ತು ಭುಜಕ್ಕೆ ಮಾಡುವಾಗ ಸೊಂಟದ ಕೆಳಗೆ ಬರಿಮೈ ಇರಬೇಕಾದ ಅಗತ್ಯವಿಲ್ಲ. ಇಡೀ ಮೈಗೆ ಹಚ್ಚುವಾಗಲೂ ಕೈ ಇರುವ ಭಾಗವಷ್ಟೇ ತೆರೆದಿದ್ದು ಉಳಿದದ್ದರ ಮೇಲೆ ಬಟ್ಟೆ ಇರಬೇಕೆಂದು ನಮಗೆ ಕಲಿಸಿದ್ದಾರೆ. ಹೊಟ್ಟೆ, ಎದೆಯ ಹತ್ತಿರ, ತೊಡೆಯ ಒಳಭಾಗ ಬೇಡವೆಂದರೆ ‘ಬೇಡ’ ಎಂದರೆ ಸಾಕು, ಕಾರಣ ಕೇಳುವ ಹಕ್ಕು ನಮಗಿಲ್ಲ.

ತಲೆಗೆ ಎಣ್ಣೆ ಬೇಡವಾದರೆ ತಲೆಗೆ ಬಟ್ಟೆ ಕಟ್ಟಿಕೊಂಡೇ ಬನ್ನಿ. ಅದಕ್ಕಿಂತ ದೊಡ್ಡ ದನಿ ಬೇರೆ ಇಲ್ಲ.

ಇನ್ನು ಬೇಸರದ ಮಾತು. ‘ಹಗುರವಾಗಿ ಮಾಡು’ ಎಂದರೆ ನನಗೆ ಬೇಸರವಾಗುವುದಿಲ್ಲ, ನನ್ನ ಕೈಗೂ ಸುಖ. ದಿನಕ್ಕೆ ಆರು ಮೈ ಒತ್ತಿದರೆ ಸಂಜೆ ಹೆಬ್ಬೆರಳಿನ ಬುಡ ಊದುತ್ತದೆ. ನನ್ನೆದುರು ‘ಚೆನ್ನಾಗಿತ್ತು’ ಎಂದು ಹೇಳಿ, ಹೊರಗೆ ಹೋಗಿ ಮ್ಯಾನೇಜರ್ ಹತ್ತಿರ ‘ಆಕೆ ಬೇಡ, ಬೇರೆಯವರನ್ನು ಕೊಡಿ’ ಎನ್ನುತ್ತಾರಲ್ಲ, ಬೇಸರವಾಗುವುದು ಅದಕ್ಕೆ.


ಭೀಮಾ ತೀರ, ಯಾದಗಿರಿ
ಮಂಗಳವಾರ, ಬೆಳಿಗ್ಗೆ 8.20

ನಾಚಿಕೆ ಹೆಂಗಸರಿಗಷ್ಟೇ ಎಂದು ತಿಳಿಯಬೇಡಿ. ನಾನು ಆರಡಿ ಆಳು, ದಿನವೂ ಟ್ರ್ಯಾಕ್ಟರ್ ಓಡಿಸುವವನು. ನಡ ಹಿಡಿದು, ನಡದ ಮೇಲೆ ಎಣ್ಣೆ ನಿಲ್ಲಿಸುವ ಕಟಿಬಸ್ತಿಗೆ ಹೋದಾಗ ಒಬ್ಬಾತ ನನ್ನ ಕೈಯಲ್ಲಿ ಅಂಗೈ ಅಗಲದ ಒಂದು ಬಟ್ಟೆ, ಅದಕ್ಕೊಂದು ದಾರ ಇಟ್ಟು ಹೋದ. ಲಂಗೋಟಿಯಂತೆ. ನಾನು ಅದನ್ನು ಹಿಂದುಮುಂದು ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ಕಡೆಗೆ ಪ್ಯಾಂಟು ಹಾಕಿಕೊಂಡೇ ಹೊರಗೆ ಬಂದು ‘ಅಣ್ಣಾ, ಇದು ನನ್ನಿಂದ ಆಗುವುದಿಲ್ಲ, ನಾಳೆ ಹಳೆಯ ಚಡ್ಡಿ ತರುತ್ತೇನೆ’ ಎಂದೆ. ಆತ ‘ತನ್ನಿ, ಆದರೆ ಎಣ್ಣೆಯ ಕಲೆ ಹೋಗುವುದಿಲ್ಲ’ ಎಂದ, ಅಷ್ಟೇ. ಇಡೀ ರಾತ್ರಿ ಹೇಗೆ ಹೇಳಲಿ ಎಂದು ಯೋಚಿಸಿ ಮರುದಿನ ಹೋಗುವುದನ್ನೇ ಬಿಡುತ್ತಿದ್ದೆನೇನೋ. ಅವತ್ತೇ ಹೇಳಿದ್ದರಿಂದ ಉಳಿದುಕೊಂಡೆ.

ಅಂಗಾಲಿಗೆ ಕೈ ಹಾಕಿದರೆ ನನಗೆ ಕಚಗುಳಿ. ಇದನ್ನು ಹೇಳದೆ ಒಂದು ಸಲ ಒದ್ದೇಬಿಟ್ಟಿದ್ದೇನೆ, ಎಣ್ಣೆಯ ಬಟ್ಟಲು ಗೋಡೆಗೆ ಹೋಗಿ ಬಡಿಯಿತು. ಈಗ ಮೊದಲೇ ಹೇಳುತ್ತೇನೆ. ಆತ ಬೆರಳಿನ ತುದಿ ಬಿಟ್ಟು ಇಡೀ ಅಂಗೈ ಒತ್ತಿ ಹಚ್ಚುತ್ತಾನೆ, ಕಚಗುಳಿ ಆಗುವುದಿಲ್ಲ.


ತೊಗರಿ ಅಂಗಡಿ, ಗಂಜ್
ಮಂಗಳವಾರ, ಮಧ್ಯಾಹ್ನ 2.10

ಯಾರೂ ಭಾಷೆಯ ಮಾತೆತ್ತಲಿಲ್ಲ. ನಾನು ಹೋದ ಒಂದು ಕಡೆ ಕೇರಳದವರು, ಇನ್ನೊಂದು ಕಡೆ ಈಶಾನ್ಯ ರಾಜ್ಯದ ಹುಡುಗಿಯರು. ನಮ್ಮ ಊರಿನಲ್ಲಿ ಹುಟ್ಟಿದವರಿಗೆ ದಖನಿ, ಹಿಂದಿ ಹೇಗೋ ನಡೆಯುತ್ತದೆ. ‘ಆಹಿಸ್ತಾ’ (ಮೆಲ್ಲಗೆ), ‘ಬಸ್’ (ಸಾಕು) ಎಂದರೆ ಕೆಲಸವಾಗುತ್ತದೆ. ಆದರೆ ಹಳ್ಳಿಯಿಂದ ಬಂದ ನಮ್ಮ ಅವ್ವನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಆಕೆಗೆ ಮಲಯಾಳದ ಎರಡು ಪದ ಕಲಿಸಿ ಒಳಗೆ ಕಳುಹಿಸಿದೆ: ‘ಮೆಲ್ಲೆ’ ಎಂದರೆ ಮೆಲ್ಲಗೆ, ‘ಮದಿ’ ಎಂದರೆ ಸಾಕು. ಮೊದಲನೆಯದು ನಮ್ಮದೇ ಪದದ ಹಾಗಿರುವುದರಿಂದ ನೆನಪುಳಿಯಿತು. ಎರಡನೆಯದನ್ನು ಮರೆತು, ಸಾಕು ಎನಿಸಿದಾಗ ಕೈಮುಗಿದಳಂತೆ. ಅವರು ದೇವರ ಪ್ರಾರ್ಥನೆ ಎಂದುಕೊಂಡು ಕೈ ನಿಲ್ಲಿಸಿ ಸುಮ್ಮನೆ ನಿಂತರಂತೆ.

ಭಾಷೆ ಬಾರದ ಕಡೆ ಸನ್ನೆ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಹಲಗೆಗೆ ಎರಡು ಸಲ ತಟ್ಟಿದರೆ ನಿಲ್ಲಿಸು ಎಂದರ್ಥ. ಗಂಜಿನ ಕಾಳುಕಡಿ ಪೇಟೆಯಲ್ಲಿ ನಮ್ಮ ಹಿರಿಯರು ಟವೆಲ್ಲಿನ ಕೆಳಗೆ ಬೆರಳು ಹಿಡಿದೇ ಲಕ್ಷದ ವ್ಯವಹಾರ ಮುಗಿಸುತ್ತಿದ್ದರು. ಬೆನ್ನಿನ ವ್ಯವಹಾರ ಯಾವ ದೊಡ್ಡದು?


ಶಹಾಪುರದ ಸೊಸೆ
ಮಂಗಳವಾರ, ಸಂಜೆ 4.50

ದುಡ್ಡು ಕೊಟ್ಟು ಹೋಗುವ ಕಡೆ ಹೇಳುವುದು ಸುಲಭ. ಮನೆಗೆ ಬರುವ ಅಜ್ಜಿಗೆ ಹೇಳಿ ನೋಡಿ.

ನನ್ನ ಬಾಣಂತನದಲ್ಲಿ ಎಣ್ಣೆ ಹಚ್ಚಿ ಎರೆಯಲು ಬರುತ್ತಿದ್ದ ಅಜ್ಜಿ ನನ್ನ ಗಂಡನಿಗೂ ಎರೆದವರು. ನನ್ನದು ಸಿಸೇರಿಯನ್ ಹೆರಿಗೆ. ಹದಿನೈದನೆಯ ದಿನಕ್ಕೇ ‘ಹೊಟ್ಟೆ ತೀಡದಿದ್ದರೆ ಗಡಿಗೆಯಾಗುತ್ತದೆ’ ಎಂದು ಅಂಗೈ ಒತ್ತಲು ಬಂದರು. ಹೊಲಿಗೆಯ ಜಾಗ ಇನ್ನೂ ಹಸಿ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಹೊರಸಿನ ಕೆಳಗೆ ಕೆಂಡ, ಮೇ ತಿಂಗಳ ಶಹಾಪುರ. ಆ ಬೆವರಿನಲ್ಲಿ ನಾನು ಏನು ಮಾತಾಡಲಿ? ಮೊದಲ ದಿನ ಅಜ್ಜಿಯ ಮಣಿಕಟ್ಟು ಹಿಡಿದುಕೊಂಡೆ, ಅಷ್ಟೇ. ಅವರು ‘ಹೊಸ ಕಾಲದ ಹುಡುಗಿ’ ಎಂದರು.

ಎರಡನೆಯ ದಿನ ಗಂಡನ ಮೊಬೈಲಿನಿಂದ ಹೆರಿಗೆ ಮಾಡಿಸಿದ ಡಾಕ್ಟರಿಗೆ ಕರೆ ಮಾಡಿ, ಅತ್ತೆಯ ಕಿವಿಗೇ ಫೋನು ಕೊಟ್ಟೆ. ಹೊಟ್ಟೆಗೆ ಕೈ ಹಚ್ಚಬಾರದು, ತಾನು ನೋಡಿ ಹೇಳುವ ತನಕ ಕಾಯಬೇಕು ಎಂದರು. ಮಗುವಿನ ಕಿವಿ ಮೂಗಿಗೆ ಎಣ್ಣೆ ಬಿಡಬಾರದು, ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು ಎಂದೂ ಅವರೇ ಹೇಳಿದರು. ನಾನು ಹೇಳಿದ್ದರೆ ಉದ್ಧಟತನವಾಗುತ್ತಿದ್ದದ್ದು ಡಾಕ್ಟರ್ ಹೇಳಿದ್ದರಿಂದ ಔಷಧವಾಯಿತು. ಅಜ್ಜಿಯ ಮುಖ ಸಣ್ಣದಾಗಿತ್ತು. ‘ಅವ್ವಾ, ಹೊಟ್ಟೆ ಬಿಡಿ. ಪಾದ ತಿಕ್ಕಿ, ನಿಮ್ಮ ಹಾಗೆ ಯಾರಿಗೂ ಬರುವುದಿಲ್ಲ’ ಎಂದೆ. ಸುಳ್ಳಲ್ಲ, ನಿಜವಾಗಿಯೂ ಬರುವುದಿಲ್ಲ. ಆ ನಲವತ್ತು ದಿನ ಪಾದಕ್ಕೆ ಆದ ಸುಖ ಮತ್ತೆ ಆಗಿಲ್ಲ.

ಬೇರೊಬ್ಬರ ಬಾಯಿಯಿಂದ ಹೇಳಿಸುವುದು ಹೇಡಿತನ ಎನ್ನುವವರು ಎನ್ನಲಿ.


ಫಿಸಿಯೋ, ಬೀದರ್
ಮಂಗಳವಾರ, ರಾತ್ರಿ 9.05

ನಡುಮನೆಯವರೇ, ಮೊದಲು ಒಂದು ಪ್ರಶ್ನೆ. ಒತ್ತಿದ ಕಡೆ ನೇರಳೆ ಕಲೆ ಆಗಿದೆ ಎಂದಿರಿ. ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ? ಆಸ್ಪಿರಿನ್ ಕೂಡ ಲೆಕ್ಕಕ್ಕೆ ಬರುತ್ತದೆ. ತೆಗೆದುಕೊಳ್ಳುತ್ತಿದ್ದರೆ ನಾಳೆ ಎಣ್ಣೆಗೆ ಮೊದಲು ವೈದ್ಯರನ್ನು ಕಾಣಿರಿ. ಇಲ್ಲದಿದ್ದರೂ ಕಲೆ ಮಾಯುವ ತನಕ ಆ ಜಾಗ ಮುಟ್ಟಬೇಡವೆನ್ನಿ.

‘ನೋವಾದರೇ ಗುಣ’ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ನಾನು ರೋಗಿಗಳಿಗೆ ಉಸಿರಿನ ಲೆಕ್ಕ ಹೇಳುತ್ತೇನೆ. ಒತ್ತುವಾಗ ನೋಯುತ್ತಿದ್ದರೂ ಉಸಿರು ಸರಾಗವಾಗಿ ಆಡುತ್ತಿದ್ದರೆ ತೊಂದರೆಯಿಲ್ಲ. ಉಸಿರು ಹಿಡಿದಿರಿ, ಮುಷ್ಟಿ ಬಿಗಿದಿರಿ ಎಂದರೆ ಆ ಒತ್ತಡ ಹೆಚ್ಚಾಯಿತು. ಕರೆಂಟ್ ಹೊಡೆದಂತೆ ಕೈಗೋ ಕಾಲಿಗೋ ಇಳಿಯುವ ನೋವು, ಜೋಮು ಬಂದರೆ ನರದ ಮೇಲೆ ಬಿದ್ದಿದೆ ಎಂದರ್ಥ. ಅಲ್ಲಿ ಸಂಕೋಚಕ್ಕೆ ಜಾಗವೇ ಇಲ್ಲ, ಕೂಡಲೇ ‘ನಿಲ್ಲಿಸಿ’ ಎನ್ನಬೇಕು.

ಎಣ್ಣೆ ಕೈಯವರು ಹೇಳದ ಕೆಲವನ್ನು ಸೇರಿಸುತ್ತೇನೆ. ಬಸುರಿದ್ದರೆ, ಶಸ್ತ್ರಚಿಕಿತ್ಸೆ ಆಗಿದ್ದರೆ, ಒಳಗೆ ರಾಡ್ ಇದ್ದರೆ, ಮೂಳೆ ಸವೆತವಿದ್ದರೆ ಅವರು ಕೇಳಲಿ ಬಿಡಲಿ ನೀವಾಗಿಯೇ ಹೇಳಿರಿ. ಜ್ವರ ಬಂದ ದಿನ ಹೋಗಲೇಬೇಡಿ. ಎಳ್ಳು ತಿಂದರೆ ಮೈ ತುರಿಸುವವರು ಎಳ್ಳೆಣ್ಣೆಯ ಬಟ್ಟಲು ಬರುವ ಮುಂಚೆ ಬಾಯಿ ಬಿಡಬೇಕು, ಬಹಳಷ್ಟು ತೈಲಗಳ ಬುಡ ಎಳ್ಳೆಣ್ಣೆಯೇ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇರುವವರ ಪಾದಕ್ಕೆ ಬಿಸಿ ತಿಳಿಯುವುದು ಕಡಿಮೆ. ‘ಬಿಸಿ ಸರಿಯಿದೆಯೇ?’ ಎಂದು ಕೇಳಿದರೆ ಅವರು ಪ್ರಾಮಾಣಿಕವಾಗಿಯೇ ‘ಸರಿಯಿದೆ’ ಎನ್ನುತ್ತಾರೆ, ಸಂಜೆಗೆ ಬೊಬ್ಬೆ ಎದ್ದಿರುತ್ತದೆ. ಅಂಥವರು ಎಣ್ಣೆಯನ್ನು ಮೊದಲು ತಮ್ಮ ಮೊಣಕೈ ಹತ್ತಿರ ಹಾಕಿಸಿ ನೋಡಬೇಕು. ಇನ್ನು, ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ತಿಕ್ಕಿಸಲೇಬಾರದು. ಒಳಗಿನ ರಕ್ತನಾಳದಲ್ಲಿ ಹೆಪ್ಪು ಇದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ನೇರ ಆಸ್ಪತ್ರೆಗೆ ಹೋಗಿ.

ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿದ ಮೇಲೆ ಕುತ್ತಿಗೆಯನ್ನು ‘ಲಟ್’ ಎನ್ನಿಸುತ್ತಾರಲ್ಲ, ಅದನ್ನಂತೂ ಬೇಡವೆನ್ನಿ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹೀಗೆ ಕುತ್ತಿಗೆ ತಿರುಗಿಸಿದ ಬಳಿಕ ಮಿದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ಹೊಡೆದದ್ದು ಪತ್ರಿಕೆಗಳಲ್ಲಿ ಬಂದಿತ್ತು.


ನಡುಮನೆ
ಮಂಗಳವಾರ, ರಾತ್ರಿ 9.30

ಅಂಥ ಮಾತ್ರೆ ಯಾವುದೂ ಇಲ್ಲ ಸರ್. ಆದರೆ ಅವರು ಕೇಳಿರಲೂ ಇಲ್ಲ, ನಾನು ಹೇಳಿರಲೂ ಇಲ್ಲ. ಇವತ್ತು ಕಚೇರಿಯ ಕೆಲಸದ ನೆಪ ಹೇಳಿ ಹೋಗಲಿಲ್ಲ. ನಾಳೆ ಹೋಗುತ್ತೇನೆ.


ಹೆಸರು ಬೇಡ
ಮಂಗಳವಾರ, ರಾತ್ರಿ 11.48

ಬರೆಯಲೋ ಬೇಡವೋ ಎಂದು ಎರಡು ದಿನದಿಂದ ಓದುತ್ತಿದ್ದೇನೆ. ನನ್ನದು ಒತ್ತಡದ ಮಾತಲ್ಲ. ಹೋದ ವರ್ಷ ಒಂದು ಸ್ಪಾಗೆ ಹೋಗಿದ್ದೆ. ಹೆಣ್ಣುಮಕ್ಕಳು ಯಾರೂ ಇಲ್ಲ, ಇವರೇ ಮಾಡುತ್ತಾರೆ ಎಂದು ಒಬ್ಬ ಗಂಡಸನ್ನು ಕಳುಹಿಸಿದರು. ಬೇಡವೆನ್ನಬೇಕಿತ್ತು, ಹಿಂದುಳಿದವಳು ಎಂದುಕೊಂಡಾರು ಎಂದು ಸುಮ್ಮನಾದೆ. ಸ್ವಲ್ಪ ಹೊತ್ತಿನ ಮೇಲೆ ಅವನ ಕೈ ಹೋಗಬಾರದ ಕಡೆ ಹೋಯಿತು. ತಪ್ಪಿ ತಾಗಿರಬೇಕು ಎಂದುಕೊಂಡೆ. ಮತ್ತೆ ಹೋಯಿತು. ನನಗೆ ಕಿರುಚಲು ಆಗಲಿಲ್ಲ, ಏಳಲೂ ಆಗಲಿಲ್ಲ, ಮೈ ಕಲ್ಲಾಗಿತ್ತು. ಮುಗಿಯುವ ತನಕ ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತಿದ್ದೆ. ಹೊರಗೆ ಬಂದು ಹಣವನ್ನೂ ಕೊಟ್ಟು ಬಂದೆ. ಹಣ ಕೊಟ್ಟು ಬಂದದ್ದೇ ಇವತ್ತಿಗೂ ಚುಚ್ಚುತ್ತದೆ.


ಎಣ್ಣೆ ಕೈ, ಕಲಬುರಗಿ
ಬುಧವಾರ, ಬೆಳಿಗ್ಗೆ 5.50

ತಂಗೀ, ಮೈ ಕಲ್ಲಾದದ್ದು ನೀನು ಒಪ್ಪಿದಂತೆ ಅಲ್ಲ. ಹಾವು ಕಂಡಾಗ ಓಡುವವರೂ ಇದ್ದಾರೆ, ನಿಂತಲ್ಲೇ ನಿಲ್ಲುವವರೂ ಇದ್ದಾರೆ. ತಪ್ಪು ಹಾವು ಬಿಟ್ಟವರದ್ದು. ನೀನು ಹಣ ಕೊಟ್ಟದ್ದರಿಂದ ಅದು ನಿನ್ನ ತಪ್ಪಾಗುವುದಿಲ್ಲ.

ಚಿಕಿತ್ಸೆಯಲ್ಲಿ ಆ ಜಾಗಗಳಿಗೆ ಕೈ ಹೋಗುವ ಕಾರಣವೇ ಇಲ್ಲ, ಇದನ್ನು ಎಲ್ಲರೂ ತಿಳಿದಿರಲಿ. ಕೇರಳದ ಪದ್ಧತಿಯಲ್ಲಿ ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಎಂಬುದು ರೂಢಿ. ಹೊತ್ತು ಗೊತ್ತು ಮಾಡುವಾಗ ಫೋನಿನಲ್ಲೇ ‘ಹೆಂಗಸರೇ ಬೇಕು’ ಎನ್ನಬಹುದು. ಇಲ್ಲವೆಂದರೆ ‘ಇನ್ನೊಂದು ದಿನ ಬರುತ್ತೇನೆ’ ಎಂದು ಎದ್ದು ಬರಬಹುದು. ಜೊತೆಗೆ ಅಕ್ಕನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ ಒಳಗೇ ಕೂರಿಸಿಕೊಳ್ಳಬಹುದು. ಕೂರಲು ಬಿಡದ ಕಡೆ ಮಲಗಲೇಬೇಡ.

ಇದರ ಇನ್ನೊಂದು ಮುಖವನ್ನೂ ಹೇಳುತ್ತೇನೆ. ನಮ್ಮ ಕೆಲಸದವರಿಗೂ ಇದೇ ಕಾಟ. ಮೊದಲು ಕೆಲಸ ಮಾಡಿದ ಒಂದು ಕಡೆ ಗಂಡಸರಿಗೂ ಹಚ್ಚು ಎಂದು ಒತ್ತಾಯಿಸಿದರು. ಒಬ್ಬ ‘ಮನೆಗೆ ಬರುತ್ತೀಯಾ?’ ಎಂದ. ಕೈ ಒರೆಸಿಕೊಂಡು ಹೊರಗೆ ಬಂದೆ, ಮರುದಿನ ಆ ಕೆಲಸಕ್ಕೆ ಹೋಗಲಿಲ್ಲ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಗಿರಾಕಿ ಕೊಡುವ ಕಿರುಕುಳಕ್ಕೂ ಅನ್ವಯಿಸುತ್ತದೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.


ನಿರ್ವಾಹಕರು
ಬುಧವಾರ, ಬೆಳಿಗ್ಗೆ 9.15

‘ಹೆಸರು ಬೇಡ’ ಅವರನ್ನು ಅದು ಯಾವ ಸ್ಪಾ ಎಂದು ಖಾಸಗಿ ಸಂದೇಶದಲ್ಲಿ ಕೇಳುತ್ತಿರುವವರು ದಯವಿಟ್ಟು ನಿಲ್ಲಿಸಿರಿ. ಅವರಿಗೆ ಬೇಕಾದಾಗ, ಬೇಕಾದವರಿಗೆ ಹೇಳುತ್ತಾರೆ.

ಉಪಯೋಗಕ್ಕೆ ಬರಲಿ ಎಂದು ಇಷ್ಟು ಬರೆಯುತ್ತೇನೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 74 ಮತ್ತು 75ನೆಯ ಕಲಮುಗಳು ಇಂಥ ವರ್ತನೆಗೆ ಸಂಬಂಧಿಸಿದವು. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ಖಾಸಗಿ ಆಯುರ್ವೇದ ಚಿಕಿತ್ಸಾಲಯಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ನೋಂದಣಿಯಾಗಿರಬೇಕು. ಒಳಗೆ ಹೋದ ಕೂಡಲೇ ಗೋಡೆಯ ಮೇಲೆ ಆ ಪ್ರಮಾಣಪತ್ರ ತೂಗಿದೆಯೇ ಎಂದು ಕಣ್ಣು ಹಾಯಿಸುವುದು ಒಳ್ಳೆಯ ಅಭ್ಯಾಸ.


ಹೆಸರು ಬೇಡ
ಬುಧವಾರ, ಬೆಳಿಗ್ಗೆ 10.02

ಎಣ್ಣೆ ಕೈ ಅಕ್ಕಾ, ನಿಮ್ಮ ಉತ್ತರವನ್ನು ಮೂರು ಸಲ ಓದಿದೆ. ಇನ್ನು ಹೆಚ್ಚು ಬರೆಯಲು ಆಗುತ್ತಿಲ್ಲ.


ಸೇಡಂ ರಸ್ತೆ
ಗುರುವಾರ, ಬೆಳಿಗ್ಗೆ 8.30

ಸೋಮವಾರ ದೊಡ್ಡದಾಗಿ ಬರೆದಿದ್ದೆ, ‘ಬಾಯಿ ಬಿಟ್ಟರೆ ಮುಗಿಯಿತು’ ಎಂದು. ಬಳ್ಳಾರಿಯ ಸುದ್ದಿ ಓದಿದ ಮೇಲೆ ನಿನ್ನೆ ಸಂಜೆ ಕ್ಷೌರಕ್ಕೆ ಹೋದಾಗ ಕುತ್ತಿಗೆ ಬೇಡವೆನ್ನಬೇಕೆಂದು ಮನೆಯಿಂದಲೇ ತೀರ್ಮಾನಿಸಿಕೊಂಡು ಹೋಗಿದ್ದೆ. ಹದಿನಾರು ವರ್ಷದಿಂದ ಅದೇ ಅಂಗಡಿ, ಅದೇ ಕುರ್ಚಿ. ತಲೆಗೆ ಎಣ್ಣೆ ಹಾಕಿ ಪಟಪಟ ಬಡಿದ. ಅದು ಮುಗಿದ ಮೇಲೆ ಏನು ಬರುತ್ತದೆ ಎಂದು ಗೊತ್ತು. ಅವನ ಒಂದು ಕೈ ಗಲ್ಲದ ಕೆಳಗೆ ಬಂದಿತು, ಇನ್ನೊಂದು ನೆತ್ತಿಯ ಮೇಲೆ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದೇನೆ, ಬಾಯಿ ತೆರೆಯುತ್ತಿಲ್ಲ. ಅವನು ಪ್ರೀತಿಯಿಂದ ಮಾಡುತ್ತಾನೆ, ಇದಕ್ಕೆ ಹಣವನ್ನೂ ತೆಗೆದುಕೊಳ್ಳುವುದಿಲ್ಲ. ಕಡೆಗೆ ‘ಭಾಯಿ, ಕುತ್ತಿಗೆ...’ ಎಂದೆ. ಗಂಟಲಿನಿಂದ ಬಂದದ್ದು ಇಲಿಯ ದನಿ. ‘ಏನು ಸಾಹೇಬರೇ, ನೋವಿದೆಯೇ?’ ಎಂದು ಕೈ ತೆಗೆದ. ‘ಹೌದು, ಇನ್ನು ಮುಂದೆ ಬೇಡ’ ಎಂದೆ. ನೋವಿರಲಿಲ್ಲ, ಸುಳ್ಳು ಹೇಳಿದೆ.

ನಡುಮನೆಯವರ ಕ್ಷಮೆ ಕೇಳುತ್ತೇನೆ.


ಬ್ರಹ್ಮಪುರದ ಮೇಷ್ಟ್ರು
ಗುರುವಾರ, ಬೆಳಿಗ್ಗೆ 9.00

ಸುಳ್ಳಾದರೂ ಎಂಟಾಣೆ ಅಂಕ ಕೊಟ್ಟಿದ್ದೇನೆ.


ನಡುಮನೆ
ಗುರುವಾರ, ರಾತ್ರಿ 9.20

ನಿನ್ನೆ, ಇವತ್ತು ಎರಡೂ ದಿನ ಹೋಗಿ ಬಂದೆ.

ನಿನ್ನೆ ಅವಳು ‘ತಯಾರಾಗಿರಿ ಅಕ್ಕಾ’ ಎಂದು ಬಾಗಿಲ ಕಡೆ ತಿರುಗಿದಾಗ ‘ಒಂದು ನಿಮಿಷ ಕೂತುಕೋ’ ಎಂದೆ. ಅವಳು ಸ್ಟೂಲಿನ ಮೇಲೆ ಕೂತಳು. ಮಾತು ತಯಾರು ಮಾಡಿಕೊಂಡು ಹೋಗಿದ್ದೆ, ಒಂದೂ ನೆನಪಾಗಲಿಲ್ಲ. ಸೆರಗು ಸರಿಸಿ ಭುಜದ ಕಲೆ ತೋರಿಸಿದೆ. ಅವಳು ಬೆರಳು ಹತ್ತಿರ ತಂದು, ಮುಟ್ಟದೆ ಹಿಂದೆ ತೆಗೆದುಕೊಂಡಳು. ‘ಅಯ್ಯೋ, ಅವತ್ತೇ ಹೇಳಬಾರದಿತ್ತೇ ಅಕ್ಕಾ’ ಎಂದಳು. ‘ನೀನು ಕೇಳಿದೆ, ನಾನೇ ಹ್ಞೂಂ ಎಂದೆ’ ಎಂದೆ. ಆಮೇಲೆ ಬಾಯಿ ಬಿಟ್ಟಿತು. ಬಲಭುಜಕ್ಕೆ ನಾಲ್ಕಾಣೆ, ಕಲೆಯ ಮೇಲೆ ಬೇಡವೇ ಬೇಡ, ತಲೆಗೆ ಎಣ್ಣೆ ಬೇಡ, ಲಂಗ ತೆಗೆಯುವುದಿಲ್ಲ. ಅವಳಿಗೆ ಆಣೆ ಗೊತ್ತಿತ್ತು, ಅವಳ ಅಜ್ಜಿ ಹಾಗೆಯೇ ಮಾತಾಡುತ್ತಿದ್ದರಂತೆ.

ಗ್ರೀವಾಬಸ್ತಿಗೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಎಣ್ಣೆ ಸುರಿಯುವ ಮೊದಲು ಒಂದು ತೊಟ್ಟು ನನ್ನ ಮೊಣಕೈ ಹತ್ತಿರ ಹಾಕು ಎಂದೆ. ಹಾಕಿದಳು. ‘ಸ್ವಲ್ಪ ಆರಲಿ’ ಎಂದೆ. ಆರುವ ತನಕ ಇಬ್ಬರೂ ಸುಮ್ಮನೆ ಬಟ್ಟಲನ್ನೇ ನೋಡುತ್ತಾ ಕೂತಿದ್ದೆವು.

ಎಲ್ಲವೂ ನಾನು ಹೇಳಿದಂತೆ ಆಗಲಿಲ್ಲ. ಧಾರಾವಾಹಿ ನಿಲ್ಲಿಸು ಎಂದಾಗ ಅವಳ ಮುಖ ಬಾಡಿತು. ಮೊಬೈಲು ಬಂದ್ ಮಾಡಲು ಆಗುವುದಿಲ್ಲವಂತೆ, ಮಗಳು ಶಾಲೆಯಿಂದ ಬಂದು ಮನೆಯಲ್ಲಿ ಒಬ್ಬಳೇ ಇರುತ್ತಾಳಂತೆ, ಕರೆ ಬಂದರೆ ತೆಗೆಯಬೇಕು. ಸರಿ, ಕರೆ ಬರಲಿ, ಧಾರಾವಾಹಿ ಬೇಡ ಎಂದು ಒಪ್ಪಂದವಾಯಿತು. ಇವತ್ತು ಹೋದರೆ ಮತ್ತೆ ಹಾಕಿದ್ದಳು, ದನಿ ಮಾತ್ರ ಸಣ್ಣದು. ನಾನೂ ಸುಮ್ಮನಾದೆ. ಹಾಲಿನಲ್ಲಿ ಏನು ಬೆರೆಸಿದಳು ಎಂದು ನನಗೂ ಗೊತ್ತಾಗಬೇಕಿತ್ತು.

ಒತ್ತುವುದು ಈಗ ಹಿತವಾಗಿದೆ. ಇನ್ನು ಮೂರು ದಿನ ಉಳಿದಿವೆ. ಎಣ್ಣೆ ಕೈಯವರೇ, ಒಂದೇ ಪ್ರಶ್ನೆ: ರವಿಕೆಯ ಬೆನ್ನಿಗೆ ತೈಲ ಹತ್ತಿ ಹಳದಿ ಕಲೆಯಾಗಿದೆ. ಮೂರು ಸಲ ತೋಳು ಬಿಚ್ಚಿಸಿದ್ದು ಅದೇ ರವಿಕೆ. ಹೋಗುತ್ತದೆಯೇ?


ಎಣ್ಣೆ ಕೈ, ಕಲಬುರಗಿ
ಶುಕ್ರವಾರ, ಬೆಳಿಗ್ಗೆ 6.10

ಒದ್ದೆ ಮಾಡುವ ಮೊದಲು ಕಡಲೆಹಿಟ್ಟು ಉದುರಿಸಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಕೊಡವಿ ಬಿಸಿನೀರಿನಲ್ಲಿ ಪಾತ್ರೆಯ ಸಾಬೂನು ಹಚ್ಚಿ ತಿಕ್ಕಿರಿ. ಹತ್ತಿ ಬಟ್ಟೆಯಾದರೆ ಮುಕ್ಕಾಲು ಹೋಗುತ್ತದೆ. ರೇಷ್ಮೆಯಾದರೆ ಬಿಸಿನೀರು ಹಾಕಬೇಡಿ, ಡ್ರೈಕ್ಲೀನಿಂಗಿಗೆ ಕೊಡಿ. ಉಳಿದ ಮೂರು ದಿನಕ್ಕೆ ಹಳೆಯ ರವಿಕೆ ತೊಟ್ಟು ಹೋಗಿ ಅಕ್ಕಾ.